ಮೇಷ್ಟ್ರು ಯಾರ ಬಾಗಿಲಿಗೆ ಬಂದಿದ್ದರು?

ದಿಂಡಿಗಲ್ಲಿನಿಂದ ಕರೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ವೇದಸಂದೂರು ಸಿಗುತ್ತದೆ. ಮಳೆಯನ್ನೇ ನಂಬಿಕೊಂಡ ಒಣ ಸೀಮೆ. ಹೊಗೆಸೊಪ್ಪು, ಜೋಳ, ನುಗ್ಗೆ, ಈಚಿನ ದಶಕಗಳಲ್ಲಿ ನೂಲಿನ ಗಿರಣಿಗಳು. ಇಲ್ಲಿಂದ ನೈಋತ್ಯಕ್ಕೆ ಇಳಿದರೆ ತೇನಿ, ಬೋಡಿ, ಕಂಬಂ ಕಣಿವೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದ ಮೇಲೆ ಆ ಕಣಿವೆ ಹಸಿರಾಯಿತು. ಈ ಇಡೀ ಪ್ರದೇಶದಲ್ಲಿ ಕಪ್ಪಿಲಿಯರು, ಅನುಪ್ಪರು ಮುಂತಾದ ಸಮುದಾಯಗಳು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದಿವೆ. ವಿಜಯನಗರದ ಕಾಲದಲ್ಲಿ ತೆಂಕಣಕ್ಕೆ ಬಂದವರು ನಾವು ಎಂಬುದು ಅವರ ಹೇಳಿಕೆ. ಶಾಲೆಯಲ್ಲಿ ಅವರ ಮಕ್ಕಳು ಕಲಿತದ್ದು ತಮಿಳು.

ಇಂಥ ಊರುಗಳಲ್ಲಿ ಅರವತ್ತು ದಾಟಿದವರ ಬಳಿ ಶಾಲೆಯ ಮಾತು ತೆಗೆದರೆ ಪಾಠದ ಮಾತು ಬರುವುದು ಕಡಿಮೆ, ಮೇಷ್ಟ್ರ ಮಾತು ಬರುವುದೇ ಹೆಚ್ಚು. ಅವರ ಸೈಕಲ್ಲು, ಬೆತ್ತ, ಬಿಳಿ ಅಂಗಿ, ಆಡು ಕಾಯುತ್ತಿದ್ದ ಹುಡುಗನನ್ನು ಹೊಲದಿಂದ ಎಬ್ಬಿಸಿಕೊಂಡು ಬಂದ ಸಂಗತಿ. ಈ ನೆನಪುಗಳನ್ನು ಹೇಗೆ ಓದಬೇಕು? ಅವು ಮೇಷ್ಟ್ರ ಬಗೆಗಿನ ಸಾಕ್ಷ್ಯವೇ, ಊರಿನ ಬಗೆಗಿನ ಸಾಕ್ಷ್ಯವೇ, ಅಥವಾ ಹೇಳುವವರ ಈಗಿನ ಬದುಕಿನ ಕನ್ನಡಿಯೇ? ಶಿಕ್ಷಣದ ಇತಿಹಾಸಕಾರರು, ಜಾನಪದ ವಿದ್ವಾಂಸರು, ದಲಿತ ಆತ್ಮಕಥೆಗಾರರು, ಭಾಷೆಯ ವಿದ್ಯಾರ್ಥಿಗಳು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ: ಯಾವ ನೆನಪನ್ನೂ ತೂಗುವ ಮುಂಚೆ ಅದು ಊರಿನ ಯಾವ ಬೀದಿಯದು, ಮೇಷ್ಟ್ರು ಆ ಬೀದಿಯ ಯಾವ ಬಾಗಿಲಿನ ತನಕ ಬಂದಿದ್ದರು ಎಂದು ಕೇಳಬೇಕು.

ಜಗಲಿಯಿಂದ ಯೂನಿಯನ್ ಶಾಲೆಗೆ

ಸರ್ಕಾರಿ ಶಾಲೆ ಬರುವ ಮುಂಚೆಯೂ ಮೇಷ್ಟ್ರು ಇದ್ದರು. ತಮಿಳು ನಾಡಿನಲ್ಲಿ ಅವರು ತಿಣ್ಣೆಯ ಮೇಲೆ, ಎಂದರೆ ಮನೆಯ ಜಗಲಿಯ ಮೇಲೆ ಪಾಠ ಹೇಳುತ್ತಿದ್ದರು. ಹಳೆಯ ಮೈಸೂರಿನಲ್ಲಿ ಅದೇ ಬಗೆಯ ಶಾಲೆಯನ್ನು ಕೂಲಿಮಠ ಎಂದರು. ಮಲೆನಾಡಿನ ದೊಡ್ಡ ಮನೆಗಳು ಘಟ್ಟದ ಕೆಳಗಿನಿಂದ ಐಗಳನ್ನು, ಎಂದರೆ ಮೇಷ್ಟ್ರನ್ನು, ಕರೆಸಿಕೊಂಡು ಉಪ್ಪರಿಗೆಯಲ್ಲಿ ಶಾಲೆ ನಡೆಸಿದವು. ಕುವೆಂಪು ತಮ್ಮ ಆತ್ಮಕಥೆ 'ನೆನಪಿನ ದೋಣಿಯಲ್ಲಿ'ಯಲ್ಲಿ ಆ ಬಗೆಯ ಓದಿನ ದಿನಗಳನ್ನು ದಾಖಲಿಸಿದ್ದಾರೆ.

ಈ ಶಾಲೆಗಳನ್ನು ಮೊದಲು ಲೆಕ್ಕ ಹಾಕಿಸಿದವನು ಮದರಾಸಿನ ಗವರ್ನರ್ ತಾಮಸ್ ಮನ್ರೋ. 1822ರಲ್ಲಿ ಅವನು ಕಲೆಕ್ಟರುಗಳಿಂದ ವರದಿ ಕೇಳಿದ. 1826ರಲ್ಲಿ ಒಟ್ಟು ಲೆಕ್ಕ ಸಿಕ್ಕಿತು. ಮದರಾಸ್ ಪ್ರಾಂತದಲ್ಲಿ 12,498 ಶಾಲೆಗಳು, 1,88,000ಕ್ಕೂ ಹೆಚ್ಚು ಮಕ್ಕಳು. ಸುಮಾರು ಸಾವಿರ ಜನಕ್ಕೊಂದು ಶಾಲೆ. ಇವುಗಳ ಒಳಗಿನ ಚಿತ್ರವನ್ನು ಹೆಚ್ಚು ವಿವರವಾಗಿ ಕೊಟ್ಟವನು ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್, 1823ರ ವರದಿಯಲ್ಲಿ. ಬೆಳಗ್ಗೆ ಆರು ಗಂಟೆಗೆ ಶಾಲೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈ ಮೇಲೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು. ಸೋಮಾರಿಯ ಎರಡೂ ಕೈ ಕಟ್ಟಿ ಮಾಡಿಗೆ ತೂಗಹಾಕುತ್ತಿದ್ದರು. ಕನ್ನಡ ಹಿರಿಯರ ಬಾಯಲ್ಲಿ ಬಹುಕಾಲ ಉಳಿದ ಕೋದಂಡದ ಶಿಕ್ಷೆ ಇದೇ.

1854ರ ವುಡ್ ನಿರೂಪದ ನಂತರ ಸರ್ಕಾರ ಧನಸಹಾಯ ಕೊಡತೊಡಗಿತು, ಜೊತೆಗೆ ಇನ್‌ಸ್ಪೆಕ್ಟರನ್ನೂ ಕಳಿಸಿತು. ಅಮೆರಿಕನ್ ಮದುರೈ ಮಿಷನ್ 1830ರ ದಶಕದಲ್ಲೇ ದಿಂಡಿಗಲ್ಲಿಗೆ ಬಂದಿತ್ತು. ಆಮೇಲೆ ಲೋಕಲ್ ಬೋರ್ಡಿನ ಶಾಲೆಗಳು, 1960ರ ಸುಮಾರಿಗೆ ಪಂಚಾಯತ್ ಯೂನಿಯನ್ ಶಾಲೆಗಳು. ಹಳ್ಳಿಯವರ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಈ ಕೊನೆಯ ಘಟ್ಟದ ಶಾಲೆ: ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಐದು ತರಗತಿ. ಮೂರನೆಯವರು ಮಗ್ಗಿ ಕೂಗುತ್ತಿರುವಾಗ ಒಂದನೆಯವರು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಐದನೆಯ ತರಗತಿಯ ಹುಡುಗ ಎಲ್ಲರನ್ನೂ ಕಾಯುತ್ತಿದ್ದ.

ಐರ್ಲೆಂಡಿನ ನೋಟುಬುಕ್ಕುಗಳು

ನಮ್ಮ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶ ಐರ್ಲೆಂಡ್. ಅಲ್ಲಿಯೂ ಹಳ್ಳಿಯವರೇ ಸಂಬಳ ಕೊಟ್ಟು ಇಟ್ಟುಕೊಂಡ ಮೇಷ್ಟ್ರು ಬೇಲಿಯ ಮರೆಯಲ್ಲಿ, ಕೊಟ್ಟಿಗೆಯಲ್ಲಿ ಪಾಠ ಹೇಳುತ್ತಿದ್ದರು. ಕ್ಯಾಥೊಲಿಕರ ಶಿಕ್ಷಣವನ್ನು ಕಾನೂನು ತಡೆದಿದ್ದ ಕಾಲದಲ್ಲಿ ಹುಟ್ಟಿದ ಪದ್ಧತಿ ಅದು. ಮನ್ರೋ ಇಲ್ಲಿ ಎಣಿಸುತ್ತಿದ್ದಾಗಲೇ, 1824ರಲ್ಲಿ, ಅಲ್ಲಿಯೂ ಒಂದು ಆಯೋಗ ಎಣಿಸಿತು. ಅಂಥ ಶಾಲೆಗಳು ಸುಮಾರು 9000 ಸಿಕ್ಕವು. 1831ರಲ್ಲಿ ಅಲ್ಲಿ ರಾಷ್ಟ್ರೀಯ ಶಾಲೆಗಳ ವ್ಯವಸ್ಥೆ ಬಂದಿತು. ಮಕ್ಕಳ ಪರೀಕ್ಷಾಫಲ ನೋಡಿ ಮೇಷ್ಟ್ರಿಗೆ ಹಣ ಕೊಡುವ ಪದ್ಧತಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯೂ ನಡೆಯಿತು, ಮದರಾಸಿನಲ್ಲಿಯೂ ನಡೆಯಿತು. ದೊಡ್ಡ ಹುಡುಗ ಚಿಕ್ಕವರಿಗೆ ಕಲಿಸುವ ನಮ್ಮ ಜಗಲಿಯ ರೀತಿಯನ್ನು ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಅಳವಡಿಸಿ, 1797ರಲ್ಲಿ ಪುಸ್ತಕ ಬರೆದು ಬ್ರಿಟನ್ನಿಗೆ ಮುಟ್ಟಿಸಿದವನು ಆಂಡ್ರ್ಯೂ ಬೆಲ್. ಹೀಗೆ ಎರಡು ನೆಲಗಳ ಶಾಲೆಯ ಕಥೆ ಒಂದೇ ಸಾಮ್ರಾಜ್ಯದ ದಾರಗಳಿಂದ ಹೆಣೆದುಕೊಂಡಿದೆ.

1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಒಂದು ಕೆಲಸ ಮಾಡಿತು. ಸುಮಾರು 5000 ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಯ ಮಕ್ಕಳಿಗೆ ನೋಟುಬುಕ್ಕು ಕೊಟ್ಟು, ಮನೆಯ ಹಿರಿಯರನ್ನು ಕೇಳಿ ಬರೆದು ತರಲು ಹೇಳಿತು. ಕೊಟ್ಟ ವಿಷಯಗಳಲ್ಲಿ ಹಳೆಯ ಶಾಲೆಗಳು, ಹಳೆಯ ಮೇಷ್ಟ್ರುಗಳೂ ಸೇರಿದ್ದವು. ಒಟ್ಟು ಸಂಗ್ರಹ 7,40,000 ಪುಟಗಳಷ್ಟಿದೆ. ಮಕ್ಕಳು ಒಲೆಗೆಂದು ಪೀಟ್ ಮಣ್ಣಿನ ಹೆಂಟೆ ಹೊತ್ತು ತರುತ್ತಿದ್ದುದು, ಮೇಷ್ಟ್ರು ಮನೆಯಿಂದ ಮನೆಗೆ ಸರದಿಯಲ್ಲಿ ಉಳಿಯುತ್ತಿದ್ದುದು ಆ ಕಾಲದ ಮಾಮೂಲಿ ವಿವರಗಳು. ನಮ್ಮಲ್ಲಿ ಮಹಾನವಮಿಗೆ ಮಕ್ಕಳು ಚೌಪದ ಹಾಡುತ್ತ ಮನೆಮನೆ ತಿರುಗಿ ಐಗಳಿಗೆ ಕಾಣಿಕೆ ಕೂಡಿಸುತ್ತಿದ್ದುದಕ್ಕೆ ಇವು ಬಹಳ ಹತ್ತಿರ. ಆದರೆ ನಮ್ಮಲ್ಲಿ ಆ ವಿವರಗಳು ಒಬ್ಬೊಬ್ಬ ಲೇಖಕರ ಆತ್ಮಕಥೆಯಲ್ಲಿ ಚೆದುರಿ ಉಳಿದವು. ಅಲ್ಲಿ ಊರಿಗೆ ಊರೇ ಬರೆಸಿತು.

ಮೊದಲ ಪಂಥ: ಊರು ಕಟ್ಟಿದ ಮೇಷ್ಟ್ರು

ಹೆಚ್ಚು ಕೇಳಿಬರುವ ಕಥನ ಕೃತಜ್ಞತೆಯದು. ಇದರ ಪ್ರಕಾರ ಮೇಷ್ಟ್ರು ಊರಿಗೆ ಅಕ್ಷರ ತಂದವರು, ಅರ್ಜಿ ಬರೆದುಕೊಟ್ಟವರು, ಜಗಳ ಬಿಡಿಸಿದವರು. ತಮಿಳುನಾಡಿನಲ್ಲಿ ಈ ನೆನಪು ಮುಖ್ಯಮಂತ್ರಿ ಕಾಮರಾಜರ ಆಡಳಿತದ (1954-63) ಜೊತೆ ಬೆಸೆದುಕೊಂಡಿದೆ. ಅದರ ಹಿಂದಿನ ವರ್ಷ ರಾಜಾಜಿ ಸರ್ಕಾರ ಹಳ್ಳಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು ಎಂಬ ಯೋಜನೆ ತಂದಿತ್ತು. ಕುಲದ ಕಸುಬಿಗೇ ಕಟ್ಟಿಹಾಕುವ ಶಿಕ್ಷಣವೆಂದು ಜನ ಅದನ್ನು ಎದುರಿಸಿದರು. 1954ರಲ್ಲಿ ಯೋಜನೆ ರದ್ದಾಯಿತು. 1956ರಲ್ಲಿ ಮಧ್ಯಾಹ್ನದ ಊಟ ಬಂದಿತು. 1958ರಿಂದ, ಶಿಕ್ಷಣ ನಿರ್ದೇಶಕ ಎನ್. ಡಿ. ಸುಂದರವಡಿವೇಲು ಅವರ ಕಾಲದಲ್ಲಿ, ಶಾಲಾ ಅಭಿವೃದ್ಧಿ ಸಮ್ಮೇಳನಗಳು ನಡೆದವು; ಊರವರು ಜಾಗ, ಬೆಂಚು, ಗಂಟೆ, ತಟ್ಟೆಗಳನ್ನು ದಾನ ಕೊಟ್ಟರು. ಇವನ್ನೆಲ್ಲ ಊರಿನಲ್ಲಿ ಓಡಾಡಿ ಕೂಡಿಸಿದವರು ಮೇಷ್ಟ್ರು.

ದಿಂಡಿಗಲ್ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಬೇರೂ ಇದೆ. 1947ರಲ್ಲಿ ಟಿ. ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ ಚಿನ್ನಾಳಪಟ್ಟಿಯ ಬಳಿ ಗಾಂಧಿಗ್ರಾಮ ಕಟ್ಟಿದರು. ಕೈಕೆಲಸದ ಮೂಲಕ ಕಲಿಕೆ ಎಂಬ ಗಾಂಧೀಜಿಯ ನಯೀ ತಾಲೀಮ್ ಅಲ್ಲಿ ಪ್ರಯೋಗಕ್ಕೆ ಬಂದಿತು. ವೈದ್ಯೆಯಾಗಿದ್ದ ಸೌಂದರಂ 1957ರಲ್ಲಿ ವೇದಸಂದೂರಿನಿಂದಲೇ ಶಾಸನಸಭೆಗೆ ಆರಿಸಿಬಂದರು, ಮುಂದೆ ಕೇಂದ್ರದಲ್ಲಿ ಶಿಕ್ಷಣ ಖಾತೆಯ ಉಪಮಂತ್ರಿಯಾದರು. ಕನ್ನಡ ನಾಡಿನಲ್ಲಿ ಇದೇ ಆದರ್ಶವನ್ನು ಬಿ. ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' (1958) ಚಿತ್ರ ಮನೆಮನೆಗೆ ಮುಟ್ಟಿಸಿತು.

ಈ ಪಂಥ ಒಂದನ್ನು ಚೆನ್ನಾಗಿ ವಿವರಿಸುತ್ತದೆ: ಮೊದಲ ತಲೆಮಾರಿನ ಓದುಗರಿಗೆ ಒಬ್ಬ ವ್ಯಕ್ತಿ ಬಾಗಿಲಿಗೆ ಬಂದು ಕರೆದದ್ದು ಯಾಕೆ ಬದುಕಿನ ತಿರುವಾಯಿತು ಎಂಬುದನ್ನು. ಹೊಗೆಸೊಪ್ಪಿನ ಕಟಾವಿಗೆ ಮಗುವಿನ ಕೈ ಬೇಕಾದ ಮನೆಯಲ್ಲಿ ಶಾಲೆ ತಾನಾಗಿ ನಡೆಯುವುದಿಲ್ಲ. ಯಾರಾದರೂ ಅಪ್ಪನ ಎದುರು ನಿಂತು ಮಾತಾಡಬೇಕು. ಆದರೆ ಬಾರದೇ ಹೋದ ಮೇಷ್ಟ್ರ ಬಗ್ಗೆ, ಕರೆಯದೆ ಬಿಟ್ಟ ಮಗುವಿನ ಬಗ್ಗೆ ಈ ಕಥನದಲ್ಲಿ ಜಾಗವಿಲ್ಲ.

ಎರಡನೆಯ ಪಂಥ: ಸರ್ಕಾರದ ಕೈ

ಶಿಕ್ಷಣತಜ್ಞ ಕೃಷ್ಣಕುಮಾರ್ 1991ರ ತಮ್ಮ ಪುಸ್ತಕದಲ್ಲಿ ವಸಾಹತು ಕಾಲದ ಶಿಕ್ಷಕನನ್ನು ದೀನ ಸರ್ವಾಧಿಕಾರಿ ಎಂದು ಕರೆದರು. ಇನ್‌ಸ್ಪೆಕ್ಟರನ ಮುಂದೆ ನಡುಗುವ, ಸಣ್ಣ ಸಂಬಳದ, ರಿಜಿಸ್ಟರು ತುಂಬುವ ನೌಕರ. ತರಗತಿಯೊಳಗೆ ಅದೇ ಮನುಷ್ಯ ಪ್ರಶ್ನಿಸಲಾಗದ ದೊರೆ. ಇತಿಹಾಸಕಾರರಾದ ಭವಾನಿ ರಾಮನ್ ಅವರ ಸಂಶೋಧನೆ ಇನ್ನೊಂದು ಮುಖ ತೋರಿಸಿತು: ಜಗಲಿ ಶಾಲೆಯ ಬಾಯಿಪಾಠ ಅರ್ಥವಿಲ್ಲದ ಗಿಳಿಪಾಠವಾಗಿರಲಿಲ್ಲ, ಲೆಕ್ಕ ಪತ್ರದ ಬದುಕಿಗೆ ಬೇಕಾದ ನೆನಪಿನ ಶಿಸ್ತಾಗಿತ್ತು, ಕಂಪನಿ ಸರ್ಕಾರದ ಕಾಗದದ ಆಡಳಿತ ಆ ವಿದ್ಯೆಯನ್ನು ಬಳಸಿಕೊಂಡೇ ಅದನ್ನು ಕೀಳುಗಳೆಯಿತು.

ಈ ವಾದಕ್ಕೆ ನಮ್ಮ ಸೀಮೆಯ ಬಲವಾದ ಸಾಕ್ಷಿ ಕಳ್ಳರ್ ಶಾಲೆಗಳು. ಅಪರಾಧಿ ಬುಡಕಟ್ಟು ಕಾಯ್ದೆಯಡಿ ಪಿರಮಲೈ ಕಳ್ಳರ್ ಸಮುದಾಯದ ಗಂಡಸರು ಹೆಸರು, ಬೆರಳಚ್ಚು ಕೊಡಬೇಕಾಗಿತ್ತು. ಅದನ್ನು ವಿರೋಧಿಸಿದ ಪೆರುಂಗಾಮನಲ್ಲೂರಿನಲ್ಲಿ 1920ರ ಏಪ್ರಿಲ್ 3ರಂದು ಪೊಲೀಸರು ಗುಂಡು ಹಾರಿಸಿದರು. ಊರಿನವರು ಪ್ರಾಣ ಕಳೆದುಕೊಂಡರು. ಅದೇ ಕಾಲದಲ್ಲಿ 'ಸುಧಾರಣೆ'ಯ ಹೆಸರಿನಲ್ಲಿ ಅವರಿಗಾಗಿಯೇ ಶಾಲೆಗಳು ತೆರೆದವು. ಮದುರೈ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ಅವು ಆಮೇಲೆಯೂ ಪ್ರತ್ಯೇಕ ಆಡಳಿತದಡಿ ನಡೆದುಬಂದವು. ಕಣ್ಗಾವಲಿನ ಉಪಕರಣವಾಗಿ ಹುಟ್ಟಿದ ಶಾಲೆಯನ್ನು ಅದೇ ಸಮುದಾಯ ಮುಂದೆ ತನ್ನದೆಂದು ಹಿಡಿದುಕೊಂಡಿತು. ಬೇರೆ ಶಾಲೆಗಳ ಜೊತೆ ವಿಲೀನ ಮಾಡುವ ಮಾತು ಬಂದಾಗ ಬಿಡಲಾರೆವು ಎಂದಿತು. ಮೇಷ್ಟ್ರನ್ನು ಬರೀ ಸರ್ಕಾರದ ಕೈ ಎಂದು ನೋಡಿದರೆ ಈ ಪ್ರೀತಿ ಅರ್ಥವಾಗುವುದಿಲ್ಲ. ಈ ಪಂಥದ ಮಿತಿ ಅಲ್ಲಿದೆ.

ಮೂರನೆಯ ಪಂಥ: ಬೀದಿಗೊಂದು ನೆನಪು

1980ರ ದಶಕದ ಒಂದು ವಾಗ್ವಾದದಿಂದ ಮೂರನೆಯ ಪಂಥವನ್ನು ನೋಡಬಹುದು. 1931ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ, ಬ್ರಿಟಿಷರು ಭಾರತದ ಶಿಕ್ಷಣವೆಂಬ ಸುಂದರ ವೃಕ್ಷದ ಬೇರು ಕಿತ್ತರು ಎಂಬರ್ಥದ ಮಾತಾಡಿದ್ದರು. ಬ್ರಿಟಿಷ್ ಶಿಕ್ಷಣತಜ್ಞ ಫಿಲಿಪ್ ಹಾರ್ಟಗ್ ಅದನ್ನು ಪ್ರಶ್ನಿಸಿದ್ದ. ಇತಿಹಾಸಕಾರ ಧರ್ಮಪಾಲ್ 1983ರಲ್ಲಿ ಮನ್ರೋ ವರದಿಗಳನ್ನೇ ಅಚ್ಚು ಹಾಕಿಸಿ, ತಮಿಳು ಪ್ರದೇಶದ ಜಗಲಿ ಶಾಲೆಗಳಲ್ಲಿ ಶೂದ್ರರೆಂದು ದಾಖಲಾದ ಜಾತಿಗಳ ಮಕ್ಕಳೇ ಹೆಚ್ಚಿದ್ದರು ಎಂದು ತೋರಿಸಿದರು. ಇದು ಮುಖ್ಯವಾದ ಶೋಧ. ಆದರೆ ಅದೇ ವರದಿಗಳಲ್ಲಿ ಬಳ್ಳಾರಿಯ 533 ಶಾಲೆಗಳ 6641 ಮಕ್ಕಳಲ್ಲಿ ಹುಡುಗಿಯರು 60 ಮಾತ್ರ. ಊರ ಹೊರಗಿನ ಕೇರಿಯ ಮಕ್ಕಳ ಪಾಲಿಗಂತೂ ಆ ಜಗಲಿ ಏರಲಾಗದ ಜಾಗ.

ದಲಿತ ಆತ್ಮಕಥೆಗಳು ಈ ಮೌನವನ್ನು ಒಡೆದವು. ಬಾಮಾ ಅವರ ತಮಿಳು ಕೃತಿ 'ಕರುಕ್ಕು' 1992ರಲ್ಲಿ ಬಂದಿತು. ಅದರಲ್ಲಿ, ಆಟದ ಹೊತ್ತಿನಲ್ಲಿ ಬಿದ್ದ ತೆಂಗಿನಕಾಯಿಯೊಂದನ್ನು ಕದ್ದಳೆಂದು ಶಾಲೆಯ ಮುಖ್ಯಸ್ಥರು ಎಲ್ಲರೆದುರು ಜಾತಿ ಎತ್ತಿ ಬೈಯುವ ಪ್ರಸಂಗವಿದೆ. ಅದೇ ಬಾಮಾ ಮುಂದೆ ತಾವೇ ಶಿಕ್ಷಕಿಯಾದರು. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) ಶಾಲೆಯೊಳಗಿನ ಅಸ್ಪೃಶ್ಯತೆಯನ್ನು ಅಷ್ಟೇ ನೇರವಾಗಿ ಬರೆಯಿತು. ಒಬ್ಬರೇ ಮೇಷ್ಟ್ರು ಒಂದು ಬೀದಿಗೆ ದೇವರು, ಇನ್ನೊಂದು ಕೇರಿಗೆ ಗಾಯ ಆಗಿರಬಹುದು. ಎರಡೂ ನಿಜ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸುವುದು ಆ ಊರಿಗೆ ಮಾಡುವ ಅನ್ಯಾಯ.

ಬೆತ್ತದ ನೆನಪು ಕೂಡ ಇಲ್ಲೇ ಸೇರಬೇಕು. 'ಹೊಡೆದು ಕಲಿಸಿದರು, ಅದಕ್ಕೇ ಮನುಷ್ಯರಾದೆವು' ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದನ್ನು ಹೇಳುವವರು ಶಾಲೆ ಮುಗಿಸಿದವರು ಎಂಬುದನ್ನು ಮರೆಯಬಾರದು. ಏಟಿಗೆ ಹೆದರಿ ಎರಡನೆಯ ತರಗತಿಗೇ ಬಿಟ್ಟವರನ್ನು ಯಾರೂ ಕೇಳಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ಬೆತ್ತದ ಹೊಗಳಿಕೆ ಇನ್ನೂ ನಿಂತಿಲ್ಲ.

ನಾಲ್ಕನೆಯ ಪಂಥ: ಮನೆಮಾತು ಮತ್ತು ಶಾಲೆಮಾತು

ಕನ್ನಡ ಓದುಗರಿಗೆ ಹತ್ತಿರದ ಪ್ರಶ್ನೆ ಇದು. ಕಂಬಂ ಕಣಿವೆಯ ಕಪ್ಪಿಲಿಯ ಮನೆಯ ಮಗುವಿಗೆ ಕನ್ನಡ ಬಾಯಿಮಾತು ಮಾತ್ರ, ಲಿಪಿ ಇಲ್ಲ. ಅವ್ವನ ಜೊತೆ ಆಡುವ ಮಾತನ್ನು ಶಾಲೆಯಲ್ಲಿ ಬರೆಯುವಂತಿಲ್ಲ. ಅಕ್ಷರ ಎಂದರೆ ತಮಿಳಕ್ಷರ. ಮೇಷ್ಟ್ರೇ ಆ ಮಗುವಿಗೆ ತಮಿಳಿನ ಬರಹದ ಲೋಕದ ಬಾಗಿಲು ತೆರೆದವರು.

ಇದನ್ನು ನಷ್ಟವೆಂದು ಓದುವವರು ಐರ್ಲೆಂಡಿನತ್ತ ಬೊಟ್ಟು ಮಾಡುತ್ತಾರೆ. ಅಲ್ಲಿ ಮಗುವಿನ ಕುತ್ತಿಗೆಗೆ ಕೋಲಿನ ತುಂಡೊಂದನ್ನು ಕಟ್ಟಿ, ಐರಿಷ್ ಮಾತಾಡಿದಾಗಲೆಲ್ಲ ಅದರಲ್ಲಿ ಒಂದು ಕಚ್ಚು ಹಾಕಿ, ಆಮೇಲೆ ಕಚ್ಚು ಎಣಿಸಿ ಹೊಡೆಯುವ ರೂಢಿ ಇತ್ತು. ಆದರೆ ಆ ಕೋಲಿಗೆ ಮೇಷ್ಟ್ರಷ್ಟೇ ಹೊಣೆಯಲ್ಲ, ಮಕ್ಕಳು ಇಂಗ್ಲಿಷ್ ಕಲಿತು ಬದುಕಲಿ ಎಂದ ತಂದೆತಾಯಿಯರೂ ಕಚ್ಚು ಹಾಕಿದರು ಎಂಬುದು ಅಲ್ಲಿನ ವಿದ್ವಾಂಸರ ಎಚ್ಚರಿಕೆ. ಇಲ್ಲಿಯ ಕನ್ನಡ ಮನೆಗಳಿಗೂ ಸಂತೆ, ಗಿರಣಿ, ಕಚೇರಿಯ ಭಾಷೆ ಬೇಕಾಗಿತ್ತು. ಅದನ್ನು ಕೊಟ್ಟ ಮೇಷ್ಟ್ರ ಮೇಲೆ ದೂರು ಹೊರಿಸುವುದು ಸುಲಭವಲ್ಲ.

ಕಾಸರಗೋಡಿನಲ್ಲಿ ಇದೇ ಪ್ರಶ್ನೆಗೆ ತದ್ವಿರುದ್ಧ ಉತ್ತರ ಸಿಗುತ್ತದೆ. 1956ರ ನವೆಂಬರ್ 1ರಂದು ಆ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಮೇಷ್ಟ್ರು ಭಾಷೆಯ ಕಾವಲಿಗೆ ನಿಂತರು. ಶಿಕ್ಷಕರೂ ಕವಿಯೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈ ಕರ್ನಾಟಕ ವಿಲೀನ ಹೋರಾಟದ ದನಿಯಾದರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಅಲ್ಲಿ ಪ್ರತಿಭಟನೆ ಎದ್ದಿದೆ. ತಮಿಳುನಾಡಿನೊಳಗೆ ತಾಳವಾಡಿಯಂಥ ಗಡಿ ಭಾಗದಲ್ಲಿ ಕನ್ನಡ ಶಾಲೆಗಳಿವೆ. 2006ರ ಕಾಯ್ದೆ ತಮಿಳನ್ನು ಕಡ್ಡಾಯ ಮಾಡಿದ ಮೇಲೆ ಅಲ್ಲಿ ಬೇರೆ ಬಗೆಯ ಆತಂಕ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಗಡಿಯಿಂದ ದೂರ, ಬರಹದ ಪರಂಪರೆಯೇ ಇಲ್ಲದ ಕಂಬಂ ಕಣಿವೆಯ ಕನ್ನಡಕ್ಕೆ ಆ ವಿಧಿಯಿಂದ ಏನಾದರೂ ಸಿಗಬಹುದಿತ್ತೇ ಎಂದು ಗಟ್ಟಿಯಾಗಿ ಕೇಳಿದವರು ವಿರಳ.

ಐದನೆಯ ಪಂಥ: ತಪ್ಪಿದ ನೆನಪೂ ಸಾಕ್ಷಿ

ಇನ್ನೊಂದು ಗುಂಪು ನೆನಪು ನಿಜವೇ ಎಂಬ ಪ್ರಶ್ನೆಯನ್ನೇ ಬದಲಾಯಿಸಿತು. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್ 1925ರಲ್ಲಿ, ವ್ಯಕ್ತಿ ನೆನೆಯುವುದು ತನ್ನ ಗುಂಪಿನ ಚೌಕಟ್ಟಿನೊಳಗೇ ಎಂದು ವಾದಿಸಿದ. ಇಟಲಿಯ ಅಲೆಸ್ಸಾಂಡ್ರೊ ಪೊರ್ತೆಲ್ಲಿ, 1949ರಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕಾರ್ಮಿಕನ ಸಾವನ್ನು ತೆರ್ನಿ ಪಟ್ಟಣದ ಜನ 1953ರ ಮುಷ್ಕರದ ದಿನಗಳಿಗೆ ಸೇರಿಸಿಕೊಂಡು ಹೇಳುತ್ತಾರೆ ಎಂಬುದನ್ನು ಗಮನಿಸಿ, ಆ ತಪ್ಪಿನಲ್ಲೇ ಜನರ ಮನಸ್ಸು ಕಾಣುತ್ತದೆ ಎಂದರು. ಐರ್ಲೆಂಡಿನ ಜನಪದ ನೆನಪಿನ ಬಗ್ಗೆ ಗೈ ಬೈನರ್ 2006ರಲ್ಲಿ ಬರೆದ ಗ್ರಂಥ ಇದೇ ದಾರಿಯದು.

ಈ ದೃಷ್ಟಿಯಿಂದ ನೋಡಿದರೆ, ಊರಿನವರು ಎಲ್ಲ ಒಳ್ಳೆಯ ಮೇಷ್ಟ್ರನ್ನೂ 'ಕಾಮರಾಜರ ಕಾಲದವರು' ಎಂದು ಹೇಳಿದರೆ ಅದನ್ನು ತಿದ್ದಿ ಬದಿಗಿಡಬೇಕಿಲ್ಲ. ಹಸಿದ ಮಗುವಿಗೆ ಊಟವೂ ಅಕ್ಷರವೂ ಒಟ್ಟಿಗೆ ಸಿಕ್ಕ ಕಾಲಕ್ಕೆ ಒಳ್ಳೆಯದೆಲ್ಲವನ್ನೂ ಸೇರಿಸಿ ಹೇಳುವುದು ಒಂದು ನೈತಿಕ ತೀರ್ಮಾನ. ಆದರೆ ಈ ಪಂಥಕ್ಕೂ ಒಂದು ಅಪಾಯವಿದೆ. ಎಲ್ಲ ನೆನಪಿಗೂ ಅರ್ಥವಿದೆ ಎಂದು ಹೊರಟರೆ, ನಡೆದ ಅವಮಾನ ನಡೆದದ್ದೇ ಎಂಬ ಗಟ್ಟಿ ನೆಲ ಕೈತಪ್ಪುತ್ತದೆ. ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರು, ಇನ್‌ಸ್ಪೆಕ್ಟರರ ಭೇಟಿ ಪುಸ್ತಕಗಳನ್ನು ಬಾಯಿಮಾತಿನ ಪಕ್ಕಕ್ಕಿಟ್ಟು ಓದದೆ ಗತಿಯಿಲ್ಲ.

ಇನ್ನೂ ತೀರ್ಮಾನವಾಗದ ಸಂಗತಿಗಳು

ಐದೂ ಪಂಥಗಳು ಒಟ್ಟಾದರೂ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಮೊದಲನೆಯದು ಮೇಡಂಗಳದು. ಹಳ್ಳಿಯ ನೆನಪಿನ ಮೇಷ್ಟ್ರು ಹೆಚ್ಚುಪಾಲು ಗಂಡಸು. ಸಂಜೆ ಬಸ್ಸಿಗೆ ಓಡುತ್ತಿದ್ದ, ಊರಲ್ಲಿ ಉಳಿಯಲು ಬಾಡಿಗೆ ಮನೆ ಸಿಗದ, ಆದರೂ ಹೆಣ್ಣುಮಕ್ಕಳನ್ನು ಎಂಟನೆಯ ತರಗತಿ ದಾಟಿಸಿದ ಶಿಕ್ಷಕಿಯ ಕಥೆ ಊರ ಕಟ್ಟೆಯ ಮಾತಿಗೆ ಬರುವುದಿಲ್ಲ. ಅದು ಹೆಂಗಸರ ಮಾತಿನಲ್ಲಿ ಮಾತ್ರ ಉಳಿದಿದೆಯೋ, ಅಲ್ಲಿಯೂ ಮಾಸಿದೆಯೋ ಎಂದು ಕೇಳಿ ತಿಳಿಯಬೇಕಾಗಿದೆ.

ಎರಡನೆಯದು ನೀರಿನ ಪ್ರಶ್ನೆ. ನೀರು ಬಂದ ಕಂಬಂ ಕಣಿವೆಗೂ ಮಳೆಗೆ ಕಾಯುವ ವೇದಸಂದೂರಿಗೂ ಮೇಷ್ಟ್ರ ನೆನಪು ಒಂದೇ ಬಗೆಯದೇ? ಬರಗಾಲದಲ್ಲಿ ಮನೆಮಂದಿ ಗುಳೆ ಹೋದಾಗ ಶಾಲೆಯಲ್ಲಿ ಯಾರು ಉಳಿದರು ಎಂಬುದು ದಾಖಲಾತಿ ಪುಸ್ತಕದಲ್ಲಿ ಇರಬಹುದು, ಊರಿನ ಮಾತಿನಲ್ಲಿ ಬೇರೆಯೇ ಇರಬಹುದು. ಮೂರನೆಯದು ಭಾಷೆ: ಮನೆಗನ್ನಡದ ಮಗು ತರಗತಿಯಲ್ಲಿ ಬಾಯಿ ತೆರೆದಾಗ ಮೇಷ್ಟ್ರು ನಕ್ಕರೇ, ಗದರಿದರೇ, ಅಥವಾ ಮಗುವಿನ ಮಾತನ್ನೇ ನಾಲ್ಕು ಪದ ಕಲಿತರೇ? ಇದಕ್ಕೆ ಉತ್ತರ ಯಾವ ಕಡತದಲ್ಲೂ ಸಿಗುವುದಿಲ್ಲ, ಬದುಕಿರುವವರ ಬಾಯಲ್ಲಿ ಮಾತ್ರ ಸಿಗುತ್ತದೆ. ನಾಲ್ಕನೆಯದು ಮುಂದಿನ ನೆನಪು. ವರ್ಗಾವಣೆಯ ಕೌನ್ಸೆಲಿಂಗು, ಮೊಬೈಲಿನಲ್ಲಿ ಹಾಜರಿ, ದಿನಾ ಪೇಟೆಯಿಂದ ಬಂದು ಹೋಗುವ ಶಿಕ್ಷಕರು ಇರುವ ಈ ಕಾಲದಲ್ಲಿ ಊರು ಮೇಷ್ಟ್ರನ್ನು ತನ್ನವರೆಂದು ನೆನೆಯುತ್ತದೆಯೇ? 2022ರಲ್ಲಿ ಮದುರೈಯಲ್ಲಿ ಆರಂಭವಾದ ಬೆಳಗಿನ ಉಪಾಹಾರ ಯೋಜನೆಯ ಮಕ್ಕಳು ನಾಳೆ ಯಾರ ಮುಖವನ್ನು ಆ ತಟ್ಟೆಯ ಜೊತೆ ನೆನೆಯುತ್ತಾರೆ?

ಇವೆಲ್ಲ ಪಂಡಿತರ ಕೋಣೆಯಲ್ಲಿ ಕೂತು ಬಗೆಹರಿಸುವ ಪ್ರಶ್ನೆಗಳಲ್ಲ. ಐರ್ಲೆಂಡ್ ಮಾಡಿದಂತೆ ಮಕ್ಕಳ ಕೈಗೆ ನೋಟುಬುಕ್ಕು ಕೊಡುವುದು ವೇದಸಂದೂರಿನ ಯೂನಿಯನ್ ಶಾಲೆಗೂ ಆಗದ ಮಾತಲ್ಲ. ಒಂದು ಷರತ್ತು ಮಾತ್ರ ಬೇಕು: ಒಂದೊಂದು ಮಗುವೂ ತನ್ನ ಬೀದಿಯ ಹಿರಿಯರನ್ನಲ್ಲದೆ ಇನ್ನೊಂದು ಬೀದಿಯ ಹಿರಿಯರನ್ನೂ, ಶಾಲೆ ಮುಗಿಸಿದವರನ್ನಲ್ಲದೆ ಬಿಟ್ಟವರನ್ನೂ ಕೇಳಿ ಬರಬೇಕು. 1950ರ ದಶಕದಲ್ಲಿ ಒಂದನೆಯ ತರಗತಿಗೆ ಸೇರಿದವರಿಗೆ ಈಗ ಎಪ್ಪತ್ತೈದರ ಆಚೀಚೆ ವಯಸ್ಸು. ಮೇಷ್ಟ್ರು ತಮ್ಮ ಬಾಗಿಲಿಗೆ ಬಂದಿದ್ದರೋ ಇಲ್ಲವೋ ಎಂದು ಅವರೇ ಹೇಳಬೇಕು. ಈ ವರ್ಷವೇ ಹೋಗಿ ಕೇಳಬೇಕು.